ಆ 3 ಮಿಲಿವೋಲ್ಟ್ ಯಾರ ಖಾತೆಗೆ?

ಹರೀಶ್: 📎 ಐಸ್‌ಫೆಟ್ (ಪಿಎಚ್ ಬದಲಾವಣೆಯನ್ನ ವೋಲ್ಟೇಜ್ ಆಗಿ ತೋರಿಸೋ ಟ್ರಾನ್ಸಿಸ್ಟರ್ ಚಿಪ್) ಪ್ರೋಟೋಕಾಲ್ ಕರಡು. ಚಿಪ್ ಮೇಲೆ ಕ್ಯಾನ್ಸರ್ ಕೋಶ ಬೆಳೆಸಿ 3 ಗಂಟೆ ಬಿಡೋದು. ಪಿಎಚ್ 0.05 ಇಳಿದ್ರೆ ಕೋಶ ಆಮ್ಲ ಬಿಡ್ತಿದೆ ಅಂತ ಲೆಕ್ಕ. ಏನಾದ್ರೂ ತಿದ್ದೋದಿದ್ರೆ ಹೇಳಿ.

ಶೈಲಜಾ: ತಿದ್ದೋದಲ್ಲ, ಆ ಸಾಲೇ ತೆಗಿ. 37 ಡಿಗ್ರಿಯಲ್ಲಿ ಗೇಟ್ (ದ್ರವ ಮುಟ್ಟೋ ಸೆನ್ಸರ್ ಮೇಲ್ಮೈ) ಹೆಚ್ಚಂದ್ರೆ ಒಂದು ಪಿಎಚ್‌ಗೆ 61.5 ಮಿಲಿವೋಲ್ಟ್ ಕೊಡತ್ತೆ. 0.05 ಅಂದ್ರೆ ಸುಮಾರು 3. ಗಂಟೆಗೆ 1 ಮಿಲಿವೋಲ್ಟ್ ಡ್ರಿಫ್ಟ್ (ರೀಡಿಂಗ್ ತಾನಾಗೇ ಸರಿಯೋದು) ಇದ್ರೆ ಕೋಶ ಇಲ್ದೇನೂ ಅದೇ ಗೆರೆ ಬರತ್ತೆ.

ಹರೀಶ್: ಟ್ಯಾಂಟಲಮ್ ಆಕ್ಸೈಡ್ ಗೇಟ್ ಕಣೇ, ಸಿಲಿಕಾ ಅಲ್ಲ.

ಶೈಲಜಾ: ಡ್ರಿಫ್ಟ್ ಕಮ್ಮಿ ಆಗತ್ತೆ, ಹೋಗಲ್ಲ. ಬರ್ಗ್‌ವೆಲ್ಡ್ 1970ರಲ್ಲಿ ಐಸ್‌ಫೆಟ್ ಪ್ರಕಟಿಸಿದಾಗಿಂದ ಇರೋ ತಲೆನೋವು ಅದು. ರಾತ್ರಿಯಿಡೀ ಚಿಪ್ಪನ್ನ ಮೀಡಿಯಂನಲ್ಲಿ (ಕೋಶ ಬೆಳೆಸೋ ಪೋಷಕ ದ್ರವ) ನೆನೆಹಾಕು. ಕ್ಯಾಲಿಬ್ರೇಶನ್ ಶುರುವಲ್ಲೊಂದ್ಸಲ, ಕೊನೇಲೊಂದ್ಸಲ. ಸೀರಮ್ ಪ್ರೋಟೀನ್ ಗೇಟ್‌ಗೆ ಅಂಟಿದ್ರೆ ಎರಡೂ ತಾಳೆ ಆಗಲ್ಲ. ಪಕ್ಕದಲ್ಲೇ ಕೋಶ ಇಲ್ಲದ ಇನ್ನೊಂದು ಗೇಟ್ ಇರ್ಲಿ, ಅದರ ಡ್ರಿಫ್ಟನ್ನ ಇದರ ರೀಡಿಂಗ್‌ನಿಂದ ಕಳೆಯೋಕೆ.

ನಾಗೇಶ: ಮೀಡಿಯಂ ಯಾವ್ದು ಅಂತಾನೇ ಬರೆದಿಲ್ವಲ್ಲೋ! 24 ಮಿಲಿಮೋಲಾರ್ ಬೈಕಾರ್ಬೊನೇಟ್ ಇರೋದು 5% ಕಾರ್ಬನ್ ಡೈಆಕ್ಸೈಡ್ ಇದ್ರಷ್ಟೇ 7.4ರಲ್ಲಿ ನಿಲ್ಲತ್ತೆ. ಹೊರಗಿಟ್ರೆ ಗ್ಯಾಸ್ ಹಾರಿ ಪಿಎಚ್ ಮೇಲೇರತ್ತೆ, ಮೀಡಿಯಂನಲ್ಲಿರೋ ಫೀನಾಲ್ ರೆಡ್ ಬಣ್ಣ ಗುಲಾಬಿ ಆಗೋದು ಕಣ್ಣಿಗೇ ಕಾಣತ್ತೆ. ಕೋಶ ಬಿಟ್ಟ ಆಮ್ಲ ಅದರೊಳಗೆ ಮುಚ್ಚಿಹೋಗತ್ತೆ. ಬೈಕಾರ್ಬೊನೇಟ್ ತೆಗೆದು 1 ಮಿಲಿಮೋಲಾರ್ ಹೆಪೆಸ್ (ಪಿಎಚ್ ಹಿಡಿದಿಡೋ ಇನ್ನೊಂದು ಬಫರ್) ಹಾಕು. ಆದ್ರೆ ಅದ್ರಲ್ಲಿ ದಿನಗಟ್ಟಲೆ ಕೋಶ ಇಡೋಕಾಗಲ್ಲ.

ವಿದ್ಯಾ: 3 ಗಂಟೆ ಯಾಕೆ ಕಾಯ್ಬೇಕು? ಮೀಡಿಯಂ ಹರಿಸೋ ಪಂಪ್ 2 ನಿಮಿಷ ಓಡಿಸಿ 1 ನಿಮಿಷ ನಿಲ್ಲಿಸು. ನಿಂತಾಗ ಬರೋ ಪಿಎಚ್ ಇಳಿಜಾರನ್ನ ಮಾತ್ರ ಓದು. ಒಂದು ನಿಮಿಷದಲ್ಲಿ ಡ್ರಿಫ್ಟ್ ಎಷ್ಟು ತಾನೇ ಆಗತ್ತೆ? ಚೇಂಬರ್ ಕೆಲವೇ ಮೈಕ್ರೋಲೀಟರ್ ಇರ್ಬೇಕು, ದೊಡ್ಡದಾದ್ರೆ ಆಮ್ಲ ತೆಳುವಾಗಿ ಏನೂ ಕಾಣಲ್ಲ.

ಹರೀಶ್: ಹಾಗಾದ್ರೆ ಗೆಡ್ಡೆ ಸುತ್ತ ಪಿಎಚ್ 6.5ರಿಂದ 6.9 ಅಂತಾರಲ್ಲ, ಅದು ತೋರಿಸೋದು ಹೇಗೆ?

ವಿದ್ಯಾ: ಅದು ದೇಹದೊಳಗಿನ ಮಾತು. ಅಲ್ಲಿ ರಕ್ತ ಸರಿಯಾಗಿ ಹರಿಯದೆ ಆಮ್ಲ ನಿಂತುಬಿಡತ್ತೆ. ಇಲ್ಲಿ ನಿನ್ನ ಪಂಪ್ ತೊಳೀತಿದೆ. ಸಿಗೋದು ಆಮ್ಲ ಬಿಡೋ ವೇಗ.

ಶೈಲಜಾ: ಇನ್ನೊಂದು. ಚಿತ್ರದಲ್ಲಿ ರೆಫರೆನ್ಸ್ (ಹೋಲಿಕೆಗೆ ಇಡೋ ಸ್ಥಿರ ಎಲೆಕ್ಟ್ರೋಡ್) ಅಂತ ಹೊದಿಕೆಯಿಲ್ಲದ ಸಿಲ್ವರ್ ಕ್ಲೋರೈಡ್ ತಂತಿ ಕೋಶದ ಪಕ್ಕದಲ್ಲೇ ಇದೆ. ಬೆಳ್ಳಿ ಅಯಾನು ಕೋಶಕ್ಕೆ ವಿಷ. ರೆಫರೆನ್ಸ್ ಆಚೆ ಇಟ್ಟು ಅಗರ್ ಸೇತುವೆ (ಉಪ್ಪು ಬೆರೆಸಿದ ಜೆಲ್ ಕೊಳವೆ) ಹಾಕು. ಪೆಟ್ಟಿಗೆ ಮುಚ್ಚಳ ಮುಚ್ಚಿರ್ಲಿ, ಬೆಳಕು ಬಿದ್ರೂ ರೀಡಿಂಗ್ ಜಿಗಿಯತ್ತೆ.

ಹರೀಶ್: ಸರಿ ಮಾರಾಯ್ತಿ. ಕೊನೇಲಿ 50 ಮಿಲಿಮೋಲಾರ್ 2-ಡಿಆಕ್ಸಿಗ್ಲೂಕೋಸ್ (ಕೋಶ ಸಕ್ಕರೆ ಒಡೆಯೋದನ್ನ ತಡೆಯೋದು) ಹಾಕ್ತೀನಿ. ಇಳಿಜಾರು ಚಪ್ಪಟೆ ಆದ್ರೆ ಕೋಶದ್ದೇ ಅಂತ ಒಪ್ತೀಯಾ?

ಶೈಲಜಾ: ಒಪ್ತೀನಿ. ಅದನ್ನೂ 37 ಡಿಗ್ರಿಗೆ ಬಿಸಿ ಮಾಡೇ ಹಾಕು. ಪೂರ್ತಿ ಚಪ್ಪಟೆ ಆಗಲ್ಲ, ಉಸಿರಾಟದ ಕಾರ್ಬನ್ ಡೈಆಕ್ಸೈಡೂ ಆಮ್ಲವೇ. ಎಲ್ಲಾ ಲ್ಯಾಕ್ಟಿಕ್ ಆಮ್ಲದ ಖಾತೆಗೆ ಬರೀಬೇಡ.

ನಾಗೇಶ: ಮೊದ್ಲು ಮೀಡಿಯಂ ಹೆಸರು ಬರೆಯೋ!