ಗ್ರಾಮಸಭೆಯ ಹಾಜರಿ ಪುಸ್ತಕ ನಂಬಬಹುದೇ?

ಪ್ರಶ್ನೆ (ತೀರ್ಥಹಳ್ಳಿ): ನೇರ ಪ್ರಜಾಪ್ರಭುತ್ವದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪುಸ್ತಕದ ತುಂಬಾ ಸಹಿ, ಹೆಬ್ಬೆಟ್ಟು. ಸಭೆಯಲ್ಲಿ ಬಾಯಿ ಬಿಟ್ಟವರು ಮಾತ್ರ ಅಡಿಕೆ ತೋಟದ ನಾಲ್ಕು ಯಜಮಾನರು. ಜನರ ಭಾಗವಹಿಸುವಿಕೆಯನ್ನು ಅಳೆಯುವುದು ಹೇಗೆ?

ಉತ್ತರ (ಸಾಗರ, ನಿವೃತ್ತ ಉಪನ್ಯಾಸಕ): ಸಹಿ ಎಣಿಸುತ್ತಾ ಕುಳಿತರೆ ಕೆಟ್ಟಿರಿ! ಯಾರು ಏನು ಕೇಳಿದರು, ನಡಾವಳಿಯಲ್ಲಿ ಎಷ್ಟು ಉಳಿಯಿತು, ತಾಳೆ ನೋಡಿ. ದಕ್ಷಿಣ ಭಾರತದ ಹಳ್ಳಿಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಬೆಸ್ಲಿ, ಪಾಂಡೆ, ರಾವ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಹಾಜರಿಗೇ ನಿಲ್ಲಲಿಲ್ಲ. ಗ್ರಾಮಸಭೆ ನಡೆದಲ್ಲಿ ಬಿಪಿಎಲ್ ಕಾರ್ಡು ಬಡವರಿಗೆ ಹೆಚ್ಚು ತಲುಪಿತೇ ಎಂದು ನೋಡಿತು. ತಲುಪಿತ್ತು.

ಉತ್ತರ (ಹೊಸನಗರ): ಸ್ವಿಟ್ಜರ್ಲೆಂಡಿನ ಗ್ಲಾರಸ್‌ನಲ್ಲಿ ಬಯಲಿನಲ್ಲಿ ನಿಂತು, ಕೈಯೆತ್ತಿ ಕಾನೂನು ಮಾಡುತ್ತಾರೆ, ಸರಿ. ಇಲ್ಲಿ ಆಟಿ (ಜುಲೈ–ಆಗಸ್ಟ್) ಮಳೆಯಲ್ಲಿ ಸಭೆ ಕರೆದರೆ ಕಾಲುಸಂಕ ದಾಟಿ ಬರುವವರು ಯಾರು? ಸಭೆಯ ದಿನಾಂಕವನ್ನೂ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು: ನಾನು ನೋಡಿದ ಸಭೆ ಜುಲೈನದ್ದೇ. ಇನ್ನೊಂದನ್ನು ಬೇಸಿಗೆಯಲ್ಲಿ ನೋಡುತ್ತೇನೆ.