ಅಪ್‌ಡೇಟ್: ಮಗುವಿನ ಒದೆತ ಕಡಿಮೆಯಾಗಿದೆ ಎಂದು ಕೇಳಿದ್ದೆ

ಎರಡು ತಿಂಗಳ ಹಿಂದೆ ಇಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಆಗ ನನಗೆ ಗರ್ಭದ 34 ವಾರ ತುಂಬಿತ್ತು, ಬೆಳಿಗ್ಗೆಯಿಂದ ಮಗು ಸರಿಯಾಗಿ ಅಲುಗಾಡಿರಲಿಲ್ಲ. ಕೊನೆಕೊನೆಗೆ ಜಾಗ ಸಾಲದೆ ಒದೆಯುವುದು ಕಡಿಮೆಯಾಗುತ್ತೆ, ಅದು ಸಹಜ ಅಲ್ವಾ ಅಂತ. "ಅಲ್ಲ, ಕಾಯಬೇಡಿ, ಈಗಲೇ ಹೋಗಿ" ಎಂದು ಉತ್ತರಿಸಿದ ಹೆರಿಗೆ ಡಾಕ್ಟರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಆ ರಾತ್ರಿಯೇ ಹೋದೆವು. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಎನ್‌ಎಸ್‌ಟಿ (ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಪರೀಕ್ಷೆ) ಮಾಡಿದರು. ಮೊದಲ 20 ನಿಮಿಷ ಕಾಗದದ ಮೇಲಿನ ಗೆರೆ ಹೆಚ್ಚೂಕಡಿಮೆ ಒಂದೇ ಸಮ ಓಡಿತು. ನನ್ನ ಕೈ ತಣ್ಣಗಾಗಿತ್ತು. ಆಮೇಲೆ ಒಂದು ಒದೆತ! ಎದೆಬಡಿತದ ಸದ್ದು ಚುರುಕಾಯಿತು, ಗೆರೆ ಮೇಲೆದ್ದಿತು. ಮಗು ನಿದ್ದೆಯಲ್ಲಿತ್ತಂತೆ. ಸ್ಕ್ಯಾನ್‌ನಲ್ಲಿ ಮಗುವಿನ ಸುತ್ತಲಿನ ನೀರೂ ಸರಿಯಾಗಿತ್ತು.

ಅಲ್ಲಿನ ಡಾಕ್ಟರ್ ಹೇಳಿದ್ದು ಇದು: ಒದೆತದ ರೀತಿ ಬದಲಾಗಬಹುದು, ಹೊರಳಾಟ ಜಾಸ್ತಿ ಅನ್ನಿಸಬಹುದು. ಆದರೆ ಚಲನೆ ಕಡಿಮೆಯಾಗಬಾರದು, ಹೆರಿಗೆ ನೋವು ಶುರುವಾದ ಮೇಲೂ ಇರಬೇಕು. ದಿನದ ರೂಢಿ ತಪ್ಪಿದರೆ ಮಾರನೇ ದಿನಕ್ಕೆ ಕಾಯದೆ ಬನ್ನಿ. ಮನೆಯಲ್ಲೇ ಡಾಪ್ಲರ್ ಅನ್ನೋ ಪುಟ್ಟ ಯಂತ್ರವನ್ನು ಹೊಟ್ಟೆಯ ಮೇಲೆ ಇಟ್ಟು ಮಗುವಿನ ಎದೆಬಡಿತ ಕೇಳಿ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ.

37ನೇ ವಾರದಲ್ಲಿ ಮತ್ತೆ ಹೋದೆ. ಯಾರೂ ಬೇಸರಿಸಲಿಲ್ಲ. 39ಕ್ಕೆ ಹೆರಿಗೆ, ಮಗಳು, 2.9 ಕೆ.ಜಿ. ಈಗ ನನ್ನ ತೊಡೆಯ ಮೇಲೆ ಮಲಗಿ ಒದೆಯುತ್ತಿದ್ದಾಳೆ.