ಕ್ರೈಸ್ತ ನಂಬಿಕೆ ಮತ್ತು ಸಮಾಜಕಾರ್ಯ: ಗಡಿ ಎಲ್ಲಿ?

ಪ್ರಶ್ನೆ:
ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಮಂಗಳೂರಿನ ಮಕ್ಕಳ ಪಾಲನಾ ಸಂಸ್ಥೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಈ ವೃತ್ತಿಗೆ ನನ್ನನ್ನು ಕರೆತಂದದ್ದೇ ಕ್ರೈಸ್ತ ನಂಬಿಕೆ. ಕಳೆದ ವಾರ ಹಿಂದೂ ಮನೆತನದ ಹುಡುಗಿಯೊಬ್ಬಳು ನನ್ನ ಕೊರಳಿನ ಶಿಲುಬೆಯನ್ನು ಬೆರಳಲ್ಲಿ ಹಿಡಿದು, "ಅಕ್ಕಾ, ಅಮ್ಮ ಬರಲಿ ಅಂತ ನಿಮ್ಮ ದೇವರಿಗೆ ಹೇಳ್ತೀರಾ?" ಎಂದಳು. ನಾನು ತಡವರಿಸಿದೆ. ಅವಳೊಡನೆ ಪ್ರಾರ್ಥಿಸಬಹುದಿತ್ತೇ?

ಉತ್ತರ 1:
ಬೇಡ ಎಂಬುದೇ ನನ್ನ ಅಭಿಪ್ರಾಯ. ಅವಳ ವರದಿ ಬರೆಯುವವರು ನೀವೇ ಆಗಿರುವುದರಿಂದ, ನಿಮ್ಮನ್ನು ಮೆಚ್ಚಿಸಬೇಕೆಂಬ ಒತ್ತಡ ಅವಳಿಗೆ ತಿಳಿಯದೆಯೇ ಅವಳ ಮೇಲಿರುತ್ತದೆ. 2015ರ ಬಾಲನ್ಯಾಯ ಕಾಯ್ದೆ ಮಗುವಿನ ಘನತೆಯನ್ನೂ ಸಮಾನತೆಯನ್ನೂ ಮೂಲತತ್ವಗಳೆಂದು ಹೇಳುತ್ತದೆ. ಮನೆಯಲ್ಲಿ ಅವಳಿಗಾಗಿ ಪ್ರಾರ್ಥಿಸುವುದನ್ನು ಯಾರೂ ತಡೆಯುವುದಿಲ್ಲ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅವಳು ಕೇಳಿದ್ದು ಮತವನ್ನಲ್ಲ, ಅಮ್ಮನನ್ನು. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯದವನು ಅವನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟನೇ ಹೊರತು, ಬಿದ್ದವನ ನಂಬಿಕೆಯನ್ನು ವಿಚಾರಿಸಲಿಲ್ಲ. ನಮ್ಮ ಪ್ರಾರ್ಥನೆಗೆ ಅದೇ ರೂಪ ಸಾಲದೇ? ತಾಯಿಯ ವಿಳಾಸ ಪತ್ತೆಯಾಗಿದೆಯೇ, ಇಂಥ ಮಕ್ಕಳ ಪಾಲನೆಯನ್ನು ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಗೆ ತಾಯಿ-ಮಗಳ ಭೇಟಿಯ ಕೋರಿಕೆ ಹೋಗಿದೆಯೇ?

ಪ್ರಶ್ನೆ ಕೇಳಿದವರು:
ಕೋರಿಕೆ ಇನ್ನೂ ಹೋಗಿಲ್ಲ. ನಾಳೆ ಬೆಳಿಗ್ಗೆ ಮೊದಲು ಅದನ್ನೇ ಬರೆಯುತ್ತೇನೆ.